‘ತಿಳಿದುಬಂದಿರುತ್ತದೆ’: ಗುಪ್ತ ವರದಿ ಎಂಬ ಸಾಹಿತ್ಯ ಪ್ರಕಾರ

1

ಕನ್ನಡದಲ್ಲಿ ದಿನಾಲೂ ಬರೆಯುತ್ತಿರುವ, ಆದರೆ ಯಾವ ವಿಮರ್ಶಕನೂ ಇದುವರೆಗೆ ಮುಟ್ಟದ ಒಂದು ಗದ್ಯ ಪ್ರಕಾರವಿದೆ. ಅದಕ್ಕೆ ಲೇಖಕನಿದ್ದಾನೆ, ಹೆಸರಿಲ್ಲ. ಓದುಗನಿದ್ದಾನೆ, ಅವನು ಒಬ್ಬನೋ ಇಬ್ಬರೋ ಮಾತ್ರ. ಅದರಲ್ಲಿ ಪಾತ್ರಗಳಿವೆ, ಆ ಪಾತ್ರಗಳು ನಾವು. ನಾವು ಏನು ಮಾತಾಡಿದೆವು, ಯಾರ ಮನೆಯಲ್ಲಿ ಚಹಾ ಕುಡಿದೆವು, ಯಾವ ಹಾಡು ಹಾಡಿದೆವು ಎಂಬುದೆಲ್ಲ ಅದರಲ್ಲಿದೆ. ಆದರೆ ಅದನ್ನು ಓದುವ ಹಕ್ಕು ಪಾತ್ರಗಳಿಗಿಲ್ಲ. ಇದು ಗುಪ್ತ ವರದಿ.

ಈ ಗದ್ಯದ ಜೀವ ಇರುವುದು ಒಂದು ಕ್ರಿಯಾಪದದಲ್ಲಿ: ‘ತಿಳಿದುಬಂದಿರುತ್ತದೆ’. ‘ಸದರಿಯವರು ಸರ್ಕಾರದ ವಿರುದ್ಧ ಜನರನ್ನು ಪ್ರಚೋದಿಸುತ್ತಿರುವುದು ತಿಳಿದುಬಂದಿರುತ್ತದೆ’ ಎಂಬ ಧಾಟಿಯ ವಾಕ್ಯ ಪೊಲೀಸ್ ಕಾಗದ ಓದಿದ ಯಾರಿಗೂ ಹೊಸದಲ್ಲ. ಯಾರಿಗೆ ತಿಳಿಯಿತು? ಯಾರಿಂದ ತಿಳಿಯಿತು? ಹೇಗೆ ತಿಳಿಯಿತು? ಈ ವಾಕ್ಯದಲ್ಲಿ ಕರ್ತೃವೇ ಇಲ್ಲ. ತಿಳಿವಳಿಕೆ ಮಳೆಯಂತೆ ಮೇಲಿನಿಂದ ತಾನಾಗಿ ಇಳಿದುಬಂದಿದೆ. ಶಾಲೆಯಲ್ಲಿ ಹುಡುಗರಿಗೆ ಕರ್ತೃ, ಕರ್ಮ, ಕ್ರಿಯಾಪದ ಕಲಿಸುವ ನಮ್ಮ ಮೇಷ್ಟ್ರುಗಳು ಇದನ್ನು ಗಮನಿಸಬೇಕು. ಕರ್ತೃವನ್ನು ತೆಗೆದುಹಾಕಿದರೆ ವಾಕ್ಯಕ್ಕೆ ಜವಾಬ್ದಾರನೇ ಇರುವುದಿಲ್ಲ. ನಾಳೆ ಅದು ಸುಳ್ಳೆಂದು ಗೊತ್ತಾದರೂ ಹಿಡಿದು ಕೇಳಲು ಒಬ್ಬ ಮನುಷ್ಯ ಸಿಗುವುದಿಲ್ಲ.

ದಲಿತ-ಬಂಡಾಯ ಚಳವಳಿ ಸಾಹಿತ್ಯದ ಮುಂದೆ ಇಟ್ಟ ಪ್ರಶ್ನೆಗಳು ಸರಳವಾಗಿದ್ದವು. ಯಾರು ಬರೆಯುತ್ತಾರೆ? ಯಾರ ಬಗ್ಗೆ ಬರೆಯುತ್ತಾರೆ? ಯಾರ ಹಿತಕ್ಕೆ ಬರೆಯುತ್ತಾರೆ? ಕಾವ್ಯಕ್ಕೆ, ಕಾದಂಬರಿಗೆ ಕೇಳಿದ ಈ ಪ್ರಶ್ನೆಗಳನ್ನು ಪ್ರಭುತ್ವದ ಅತ್ಯಂತ ಖಾಸಗಿ ಬರವಣಿಗೆಗೂ ಕೇಳಬೇಕು. ಕವಿತೆ ಕೆಟ್ಟದಾದರೆ ಓದುಗನ ಒಂದು ಸಂಜೆ ಹಾಳಾಗುತ್ತದೆ. ಈ ಬರವಣಿಗೆ ಕೆಟ್ಟದಾದರೆ ಒಬ್ಬ ಮನುಷ್ಯನ ಇಡೀ ಪ್ರಾಯ ಜೈಲಿನಲ್ಲಿ ಹೋಗುತ್ತದೆ.

ಕಲಬುರಗಿ ಶಹರದಲ್ಲಾಗಲಿ, ಕಮಲಾಪುರದಂಥ ತಾಲೂಕಿನ ಹಳ್ಳಿ-ತಾಂಡಾಗಳಲ್ಲಾಗಲಿ ಚಳವಳಿ ಮಾಡಿದವರಿಗೆ ಇದರ ಪರಿಚಯ ಉಂಟು. ಜಯಂತಿ ಮಾಡಿದರೂ ಒಬ್ಬ ಮಫ್ತಿಯವನು ಬರುತ್ತಾನೆ, ಕೂಲಿ ಕೇಳಿ ಧರಣಿ ಕೂತರೂ ಬರುತ್ತಾನೆ. ಹಿಂದೆ ನಿಂತು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವನು ಈಗ ಮೊಬೈಲಿನಲ್ಲಿ ವೀಡಿಯೋ ಮಾಡುತ್ತಾನೆ. ಮರುದಿನ ಶಾಲೆಯ ಹತ್ತಿರ ಬಂದು, ‘ನಿನ್ನಿ ಯಾರ್ ಯಾರ್ ಬಂದಿದ್ರು ಸರ? ಹೊರಗಿನ ಮಂದಿ ಯಾರರ ಇದ್ರೇನು?’ ಎಂದು ಸಲಿಗೆಯಿಂದಲೇ ಕೇಳುತ್ತಾನೆ. ಪಾಪ, ಅವನೂ ನಮ್ಮ ಹಾಗೆ ಬಡವರ ಮಗ. ಅವನ ಮೇಲೆ ನಮ್ಮ ಸಿಟ್ಟಿಲ್ಲ. ಅವನು ಬರೆದದ್ದು ಮೇಲೆ ಹೋಗಿ ಏನಾಗುತ್ತದೆ ಎಂಬುದು ಅವನಿಗೂ ಗೊತ್ತಿಲ್ಲ. ಐ.ಬಿ. ಅಂದರೆ ನಮ್ಮ ಕಡೆ ಮಂದಿಗೆ ನೆನಪಾಗುವುದು ಸಾಹೇಬರು ಇಳಿದುಕೊಳ್ಳುವ ಸರ್ಕಾರಿ ಬಂಗಲೆ. ಆ ಐ.ಬಿ.ಗೆ ಗೇಟು, ಬೋರ್ಡು, ಮೇಟಿ ಎಲ್ಲ ಇರುತ್ತಾರೆ. ಇಲ್ಲಿ ಮಾತಾಡಬೇಕಾಗಿರುವುದು ಬೋರ್ಡಿಲ್ಲದ ಇನ್ನೊಂದು ಐ.ಬಿ.ಯ ಬಗ್ಗೆ, ಅಂದರೆ ಕೇಂದ್ರದ ಗುಪ್ತಚರ ಇಲಾಖೆಯ ಬಗ್ಗೆ, ಮತ್ತು ಅದರ ತಮ್ಮಂದಿರಾದ ರಾಜ್ಯ ಗುಪ್ತವಾರ್ತೆ, ಜಿಲ್ಲೆಯ ಸ್ಪೆಷಲ್ ಬ್ರಾಂಚುಗಳ ಬಗ್ಗೆ.

2

ಈ ಗದ್ಯದ ಆದಿಕವಿಯನ್ನು ಹುಡುಕಲು ದಿಲ್ಲಿಗೆ ಹೋಗಬೇಕಾಗಿಲ್ಲ. ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆ ಇನ್ನೂ ನಿಂತಿದೆ. ಫಿಲಿಪ್ ಮೆಡೋಸ್ ಟೇಲರ್ ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಮೇಲ್ವಿಚಾರಣೆಗೆ ಬಂದ. ಅದಕ್ಕೂ ಮೊದಲೇ, 1839ರಲ್ಲಿ, ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಗಿ ದೊಡ್ಡ ಹೆಸರು ಮಾಡಿತ್ತು.

ಈ ಕಾದಂಬರಿಯ ರೂಪವನ್ನು ನೋಡಬೇಕು. ಅಮೀರ್ ಅಲಿ ಎಂಬ ಠಕ್ಕ ಸೆರೆಯಲ್ಲಿ ಕೂತು ತಾನು ಮಾಡಿದ ಕೊಲೆಗಳನ್ನು ಒಂದೊಂದಾಗಿ ಹೇಳುತ್ತಾನೆ. ಸಾಹೇಬ ಕೇಳಿಸಿಕೊಂಡು ಬರೆಯುತ್ತಾನೆ. ‘ನಾನು’ ಎನ್ನುವವನು ಕೈದಿ, ಲೇಖನಿ ಹಿಡಿದವನು ಅಧಿಕಾರಿ. ಬಾಯಿ ಒಬ್ಬನದು, ಕೈ ಇನ್ನೊಬ್ಬನದು. ಇಂಗ್ಲೆಂಡಿನ ಓದುಗರು ಇದನ್ನು ಭಾರತದ ಸತ್ಯವೆಂದೇ ಓದಿದರು. ಕಾದಂಬರಿಯಾಗಿ ಅದು ರೋಚಕವಾಗಿರಬಹುದು. ಆದರೆ ಒಂದು ಇಡೀ ಜನವರ್ಗ ಹುಟ್ಟಿನಿಂದಲೇ ಕೊಲೆಗಾರರು, ಅವರ ಧರ್ಮವೇ ಕೊಲೆ, ಅವರ ಬಾಯಿಂದಲೇ ಅದನ್ನು ಹೇಳಿಸಿದ್ದೇವೆ ಎಂಬ ನಂಬಿಕೆ ಬೇರೂರಲು ಇಂಥ ಬರವಣಿಗೆ ನೆರವಾಯಿತು.

ಕಾದಂಬರಿಯ ಹಿಂದೆ ಕಾನೂನಿತ್ತು. 1836ರ 30ನೆಯ ಕಾಯಿದೆಯ ಪ್ರಕಾರ ಒಬ್ಬ ಮನುಷ್ಯ ಠಕ್ಕರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ. ಇಂಥ ದಿನ, ಇಂಥ ಜಾಗದಲ್ಲಿ, ಇಂಥವನನ್ನು ಕೊಂದ ಎಂದು ತೋರಿಸುವ ಅಗತ್ಯವಿರಲಿಲ್ಲ. ಸಾಕ್ಷಿ ಹೇಳುವವರು ಯಾರು? ತಮ್ಮ ಜೀವ ಉಳಿಸಿಕೊಳ್ಳಲು ಬೇರೆಯವರ ಹೆಸರು ಹೇಳಿದ ಮಾಫಿ ಸಾಕ್ಷಿಗಳು. ಸ್ಲೀಮನ್ ಕಟ್ಟಿದ ಠಕ್ಕರ ದಮನದ ಇಲಾಖೆ ನಡೆದದ್ದು ಬಹುಪಾಲು ಇವರ ಮಾತಿನ ಮೇಲೆ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂತು. ಆಮೇಲೆ ಕೂಸು ತೊಟ್ಟಿಲಲ್ಲಿದ್ದಾಗಲೇ ಕಳ್ಳನಾಯಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಠಾಣೆಯ ರಿಜಿಸ್ಟರುಗಳ ಮನಸ್ಸಿನಿಂದ ಅದು ಇನ್ನೂ ಅಳಿಸಿಹೋಗಿಲ್ಲ ಎಂಬುದನ್ನು ಹರಣಶಿಕಾರಿ, ಕೊರವರ ಓಣಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

1887ರಲ್ಲಿ ಭಾರತದ ರಾಜಕೀಯ ಚಲನವಲನ ಗಮನಿಸಲು ಬ್ರಿಟಿಷರು ಕೇಂದ್ರ ವಿಶೇಷ ಶಾಖೆಯೊಂದನ್ನು ತೆರೆದಾಗ ಅದನ್ನು ಸೇರಿಸಿದ್ದು ಇದೇ ಠಕ್ಕ-ಡಕಾಯಿತ ಇಲಾಖೆಗೆ. 1904ರಲ್ಲಿ ಅದು ಕ್ರಿಮಿನಲ್ ಇಂಟೆಲಿಜೆನ್ಸ್ ಇಲಾಖೆಯಾಯಿತು. 1920ರಲ್ಲಿ ಇಂಟೆಲಿಜೆನ್ಸ್ ಬ್ಯೂರೋ ಎಂದು ಹೆಸರಾಯಿತು. ಇಂದಿನ ಐ.ಬಿ.ಯ ವಂಶಾವಳಿ ಇದು. ಸ್ವಾತಂತ್ರ್ಯ ಚಳವಳಿಯವರನ್ನು ಹಿಂಬಾಲಿಸಿದ ಇಲಾಖೆಯೇ 1947ರ ಆಗಸ್ಟಿನಲ್ಲಿ ಸ್ವತಂತ್ರ ಭಾರತದ ಇಲಾಖೆಯಾಯಿತು. ಬಾವುಟ ಬದಲಾಯಿತು, ಕಡತ ಇಡುವ ಪದ್ಧತಿ ಹಾಗೇ ಉಳಿಯಿತು.

ಟೇಲರನ ಕತೆಯಲ್ಲಿ ನಮ್ಮ ಮಕ್ಕಳಿಗೆ ಕಲಿಸಬೇಕಾದ ಇನ್ನೊಂದು ಅಧ್ಯಾಯವಿದೆ. ಸುರಪುರದ ಬೇಡರ ದೊರೆ ವೆಂಕಟಪ್ಪನಾಯಕನನ್ನು ಚಿಕ್ಕಂದಿನಲ್ಲಿ ನೋಡಿಕೊಂಡವನು ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರಲ್ಲಿ ಅದೇ ವೆಂಕಟಪ್ಪನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕ. ಹಿಂದೆ ಯಾರಿದ್ದರು, ಯಾರು ಕುಮ್ಮಕ್ಕು ಕೊಟ್ಟರು ಎಂದು ತಿಳಿಯಬೇಕಾಗಿತ್ತು. ಅದಕ್ಕೆ ಕಳಿಸಿದ್ದು ‘ಅಪ್ಪ’ನನ್ನೇ. ನಾಯಕ ಹೆಸರು ಹೇಳಲಿಲ್ಲ. ಇದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಠಕ್ಕನ ಬಾಯಿಂದ ನೂರಾರು ಪುಟ ಹೇಳಿಸಿದ ಲೇಖಕನಿಗೆ ಒಬ್ಬ ಬೇಡರ ಹುಡುಗನ ಬಾಯಿಂದ ಒಂದು ಹೆಸರು ಹೇಳಿಸಲಾಗಲಿಲ್ಲ. ನಮ್ಮ ಸೀಮೆಯ ಪ್ರತಿರೋಧದ ಚರಿತ್ರೆಯಲ್ಲಿ ಈ ಮೌನಕ್ಕೆ ಒಂದು ಜಾಗ ಕೊಡಬೇಕು.

3

ಎರಡನೆಯ ‘ಕನ್ಫೆಷನ್’ ಕಲಬುರಗಿಯದೇ.

1993ರ ಡಿಸೆಂಬರ್ 5-6ರ ರಾತ್ರಿ, ಬಾಬರಿ ಮಸೀದಿ ಬಿದ್ದ ವರ್ಷ ತುಂಬುವ ಹೊತ್ತಿಗೆ, ದೇಶದ ಐದು ರೈಲುಗಳಲ್ಲಿ ಬಾಂಬು ಸಿಡಿದವು. ಇಬ್ಬರು ಪ್ರಯಾಣಿಕರು ಸತ್ತರು. ಅಪರಾಧ ಘೋರವಾದದ್ದು, ಮಾಡಿದವರು ಸಿಗಲೇಬೇಕಾಗಿತ್ತು. 1994ರ ಜನವರಿ 15ರಂದು ಹೈದರಾಬಾದಿನ ಪೊಲೀಸರು ಗುಲ್ಬರ್ಗಾಕ್ಕೆ ಬಂದು ಫಾರ್ಮಸಿ ಓದುತ್ತಿದ್ದ, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನನ್ನು ಎತ್ತಿಕೊಂಡು ಹೋದರು. ಕೆಲವು ತಿಂಗಳಿಗೆ ಅವನ ಅಣ್ಣನನ್ನೂ ಮುಂಬೈಯಿಂದ ಹಿಡಿದರು. ಹಚ್ಚಿದ್ದು ಟಾಡಾ ಕಾಯಿದೆ.

ಟಾಡಾದ 15ನೆಯ ಕಲಮು ಏನೆಂದು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. 1872ರ ಸಾಕ್ಷ್ಯ ಕಾಯಿದೆಯಲ್ಲಿ ಬ್ರಿಟಿಷರೇ ಒಂದು ವಿವೇಕದ ಮಾತು ಬರೆದಿಟ್ಟಿದ್ದರು: ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷಿಯಾಗದು. ಯಾಕೆಂದರೆ ಠಾಣೆಯ ಒಳಗೆ ಬಾಯಿ ಹೇಗೆ ಬಿಡಿಸುತ್ತಾರೆಂದು ಅವರಿಗೂ ಗೊತ್ತಿತ್ತು. ಸ್ವತಂತ್ರ ಭಾರತದ ಟಾಡಾ ಆ ಬೇಲಿಯನ್ನು ಕಿತ್ತುಹಾಕಿತು. ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷಿಯಾಗುತ್ತದೆ ಎಂದಿತು. ಮತ್ತೆ ಬಾಯಿ ಒಬ್ಬನದು, ಕೈ ಇನ್ನೊಬ್ಬನದು. 1839ರಲ್ಲಿ ಕಾದಂಬರಿಯ ತಂತ್ರವಾಗಿದ್ದದ್ದು 1987ರಲ್ಲಿ ಸಂಸತ್ತಿನ ಕಾಯಿದೆಯಾಯಿತು.

ಆ ಹುಡುಗನ ಮೇಲಿದ್ದ ಮುಖ್ಯ ಆಧಾರ ಪೊಲೀಸ್ ವಶದಲ್ಲಿದ್ದಾಗ ಬರೆಸಿಕೊಂಡ ತಪ್ಪೊಪ್ಪಿಗೆ. ಅಜ್ಮೇರದ ಟಾಡಾ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಕೇಸು ನಡೆಸುತ್ತಲೇ ತಂದೆ ತೀರಿಕೊಂಡರು. ಅಣ್ಣ ಕ್ಯಾನ್ಸರಿನಿಂದಾಗಿ ಜೈಲಿನಿಂದ ಹೊರಬಂದ. 2016ರ ಮೇ 11ರಂದು ಸುಪ್ರೀಂ ಕೋರ್ಟು ಹುಡುಗನನ್ನು ಬಿಡುಗಡೆ ಮಾಡಿತು. ಆಗ ಅವನು ಹುಡುಗನಾಗಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. 22 ವರ್ಷ 4 ತಿಂಗಳು. ಅವನ ಹೆಸರು ತೀರ್ಪಿನಲ್ಲಿದೆ, ಪತ್ರಿಕೆಗಳಲ್ಲಿ ಬಂದಿದೆ. ಕಡತಗಳು ಸಾಕಷ್ಟು ಬಾರಿ ಆ ಹೆಸರನ್ನು ಬರೆದಿವೆ. ಇಲ್ಲಿ ಬರೆಯುವುದು ಬೇಡ.

ಈಗ ಆ ಕ್ರಿಯಾಪದಕ್ಕೆ ಹಿಂದಿರುಗೋಣ. ‘ತಿಳಿದುಬಂದಿರುತ್ತದೆ’ ಎಂದು ಬರೆದವರು ಯಾರು? 22 ವರ್ಷಕ್ಕೆ ಉತ್ತರ ಹೇಳುವವರು ಯಾರು? ತಪ್ಪು ಬರೆದದ್ದಕ್ಕೆ ಯಾರಾದರೂ ಒಂದು ದಿನದ ಪಗಾರವನ್ನಾದರೂ ಕಳೆದುಕೊಂಡರೆ? ಹೀಗೆ ಸುಳ್ಳು ಕೇಸಿನಲ್ಲಿ ಬದುಕು ಕಳೆದುಕೊಂಡವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಅದು ಗುಪ್ತ ವರದಿಯಲ್ಲ, ಬಹಿರಂಗ ವರದಿ. ಬಹುಶಃ ಅದಕ್ಕೇ ಯಾರೂ ಅದನ್ನು ಅವಸರದಿಂದ ಓದಲಿಲ್ಲ.

ಇನ್ನೂ ಒಂದು ಬಹಿರಂಗ ಬರವಣಿಗೆಯ ಗತಿಯನ್ನು ಇಲ್ಲಿ ನೆನೆಯಬೇಕು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದಲ್ಲಿ ಏನಾಯಿತೆಂದು ನೋಡಿಬರಲು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ನೆಹರೂ ಸರ್ಕಾರವೇ ಕಳಿಸಿತು. ರಜಾಕಾರರ ಹಾವಳಿಯನ್ನು ಅವರು ಮುಚ್ಚಿಡಲಿಲ್ಲ. ಆಮೇಲೆ ಮುಸಲ್ಮಾನರ ಮೇಲೆ ನಡೆದದ್ದನ್ನೂ ಮುಚ್ಚಿಡಲಿಲ್ಲ. ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿದರು. ಅತಿ ಹೆಚ್ಚು ಅನಾಹುತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು, ಬೀದರ ಒಂದು. ಹೆಸರುಳ್ಳ ಮನುಷ್ಯರು ಊರೂರು ತಿರುಗಿ, ಜನರ ಬಾಯಿಂದ ಕೇಳಿ ಬರೆದ ಆ ವರದಿ ದಶಕಗಟ್ಟಲೆ ಬೀರುವಿನಲ್ಲಿ ಉಳಿಯಿತು. ಹೆಸರಿಲ್ಲದವರು ಬರೆದದ್ದನ್ನು ನಂಬಿ ಜೈಲಿಗೆ ಹಾಕುವ ವ್ಯವಸ್ಥೆ ಹೆಸರುಳ್ಳವರು ಬರೆದದ್ದನ್ನು ಬೀಗ ಹಾಕಿ ಇಡುತ್ತದೆ. ಪ್ರಭುತ್ವದ ಸಾಹಿತ್ಯಾಭಿರುಚಿ ಹೀಗಿದೆ.

4

ಪೊಲೀಸರು ಬರಹಗಾರರಷ್ಟೇ ಅಲ್ಲ, ವಿಮರ್ಶಕರೂ ಹೌದು. ಅದನ್ನು ನೋಡಲು ಕಲಬುರಗಿಯಿಂದ ಮಹಾಗಾಂವ ಕ್ರಾಸ್ ದಾಟಿ, ಕಮಲಾಪುರದ ಮೇಲೆ, ಹುಮನಾಬಾದ್ ಹಾದು ಬೀದರಕ್ಕೆ ಹೋಗುವ ರಸ್ತೆ ಹಿಡಿಯಬೇಕು. ಕಮಲಾಪುರ ಅಂದರೆ ಹೊರಗಿನವರಿಗೆ ಕೆಂಪು ಬಾಳೆಹಣ್ಣು. ನಮಗೆ ಅದು ಬೀದರದ ಮಂದಿ ನ್ಯಾಯ ಕೇಳಿಕೊಂಡು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಬರುವ ದಾರಿಯೂ ಹೌದು.

2020ರ ಜನವರಿ 21ರಂದು ಬೀದರದ ಶಾಹೀನ್ ಶಾಲೆಯಲ್ಲಿ ಸಣ್ಣ ಮಕ್ಕಳು ಒಂದು ನಾಟಕ ಆಡಿದರು. ಪೌರತ್ವ ತಿದ್ದುಪಡಿ ಕಾಯಿದೆ, ಎನ್.ಆರ್.ಸಿ. ಬಗ್ಗೆ ಊರಲ್ಲಿ ದೊಡ್ಡವರು ಮಾತಾಡುತ್ತಿದ್ದದ್ದನ್ನೇ ಮಕ್ಕಳು ಆಡಿ ತೋರಿಸಿದರು. ಜನವರಿ 26ರಂದು, ಗಣರಾಜ್ಯದ ದಿನವೇ, ದೂರು ದಾಖಲಾಯಿತು. ಕಲಮು 124ಎ, ರಾಜದ್ರೋಹ. 30ಕ್ಕೆ ಒಬ್ಬ ಮುಖ್ಯ ಶಿಕ್ಷಕಿಯನ್ನೂ ಒಂದು ಮಗುವಿನ ತಾಯಿಯನ್ನೂ ಬಂಧಿಸಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಪ್ರಶ್ನೆಯೆಲ್ಲ ಒಂದರ ಸುತ್ತಲೇ: ಈ ಮಾತು ಬರೆದುಕೊಟ್ಟವರು ಯಾರು, ಕಲಿಸಿದವರು ಯಾರು?

ಇದು ವಿಮರ್ಶೆಯ ಪ್ರಶ್ನೆಯೇ. ಕೃತಿಯ ಕರ್ತೃ ಯಾರು ಎಂದು ಪೊಲೀಸರು ಕೇಳಿದರು. ತಮ್ಮ ವರದಿಯಲ್ಲಿ ಕರ್ತೃವನ್ನೇ ಇಡದವರು ಮಕ್ಕಳ ನಾಟಕದಲ್ಲಿ ಕರ್ತೃವನ್ನು ಹುಡುಕಿದರು. ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಸ್ವಂತ ಭಯ ಇರಬಹುದು, ಆ ಭಯಕ್ಕೆ ಸ್ವಂತ ಮಾತು ಇರಬಹುದು ಎಂಬುದು ಅವರ ಕಾವ್ಯಮೀಮಾಂಸೆಯಲ್ಲಿ ಇರಲಿಲ್ಲ. ನಮ್ಮ ಹಳ್ಳಿಯ ದಲಿತರು ಕೂಲಿ ಹೆಚ್ಚಿಗೆ ಕೇಳಿದಾಗಲೂ ಗೌಡರು ಕೇಳುವುದು ಇದನ್ನೇ: ‘ಯಾಂವ ಕಲಿಸ್ಯಾನಲೇ ನಿಮಗ ಇದನ್ನ?’ ಹಸಿದವನಿಗೆ ಹಸಿವನ್ನು ಯಾರಾದರೂ ಹೊರಗಿನವರು ಬಂದು ಕಲಿಸಬೇಕು ಎಂಬ ಈ ನಂಬಿಕೆ ಗೌಡಕಿಯಿಂದ ಠಾಣೆಗೆ ಬಂದಿದೆಯೋ, ಠಾಣೆಯಿಂದ ಗೌಡಕಿಗೆ ಹೋಗಿದೆಯೋ ಹೇಳುವುದು ಕಷ್ಟ.

ಸಮವಸ್ತ್ರದಲ್ಲಿ ಬಂದು ಮಕ್ಕಳನ್ನು ವಿಚಾರಿಸಿದ್ದು ಬಾಲನ್ಯಾಯ ಕಾಯಿದೆಗೆ ಮೇಲ್ನೋಟಕ್ಕೇ ವಿರುದ್ಧ ಎಂದು ಹೈಕೋರ್ಟು 2021ರಲ್ಲಿ ಹೇಳಿತು. 2023ರ ಜೂನ್ 14ರಂದು ಕಲಬುರಗಿ ಪೀಠ ಇಡೀ ಕೇಸನ್ನೇ ರದ್ದು ಮಾಡಿತು. ನಾಟಕದ ಕೆಲವು ಮಾತು ನ್ಯಾಯಾಲಯಕ್ಕೂ ಹಿಡಿಸಲಿಲ್ಲ, ಮಕ್ಕಳ ಬಾಯಲ್ಲಿ ಅದು ಸಲ್ಲದು ಎಂದಿತು. ಆದರೆ ಹಿಡಿಸದಿರುವುದು ಬೇರೆ, ರಾಜದ್ರೋಹ ಬೇರೆ ಎಂಬ ವಿವೇಕ ಅದಕ್ಕಿತ್ತು. ಒಳ್ಳೆಯ ವಿಮರ್ಶಕ ಮಾಡಬೇಕಾದ ಕೆಲಸ ಇದು. ಅಷ್ಟು ಹೇಳಲು ಮೂರು ವರ್ಷ ನಾಲ್ಕು ತಿಂಗಳು ಬೇಕಾಯಿತು. ಆ ಹೊತ್ತಿಗೆ ನಾಟಕವಾಡಿದ ಮಕ್ಕಳು ನಾಟಕವಾಡುವ ವಯಸ್ಸನ್ನೇ ದಾಟಿದ್ದರು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿದೆ, ರಾಜದ್ರೋಹ ಎಂಬ ಮಾತೂ ಹೋಗಿದೆ. ಹೊಸ ಸಂಹಿತೆಯ 152ನೆಯ ಕಲಮನ್ನು ಓದಿದವರಿಗೆ ಮನೆ ಬದಲಿಸಿದ ಹಳೆಯ ಬಾಡಿಗೆದಾರನ ಗುರುತು ಹತ್ತುತ್ತದೆ.

5

ಇಂಥ ಬರವಣಿಗೆಗೆ ಕಾನೂನಿನ ಆಧಾರ ಯಾವುದು? ಇದನ್ನು ಕೇಳಿದವರು ನಮ್ಮಂಥ ಚಳವಳಿಗಾರರಲ್ಲ. ಐ.ಬಿ.ಯಲ್ಲೇ ವರ್ಷಗಟ್ಟಲೆ ದುಡಿದು ನಿವೃತ್ತರಾಗಿ ಮೈಸೂರಿನಲ್ಲಿದ್ದ ಆರ್.ಎನ್. ಕುಲಕರ್ಣಿ ಅವರು ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2013ರ ಹೊತ್ತಿಗೆ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಈ ಸಂಸ್ಥೆ ಯಾವ ಕಾಯಿದೆಯ ಅಡಿ ಹುಟ್ಟಿದೆ, ಅದಕ್ಕೆ ಯಾರು ಉತ್ತರದಾಯಿ ಎಂಬುದು ಪ್ರಶ್ನೆ. ತನ್ನ ಮನೆಗೆ ಪಾಯವಿದೆಯೇ ಎಂದು ಆ ಮನೆಯಲ್ಲಿ ಬಾಳಿದವರೇ ಕೇಳಿದರು.

ಪಾಯವಿಲ್ಲ. ಪೊಲೀಸರಿಗೆ ಪೊಲೀಸ್ ಕಾಯಿದೆ ಇದೆ. ಅರಣ್ಯ ಇಲಾಖೆಗೆ, ಅಬಕಾರಿಗೆ ಕಾಯಿದೆ ಇದೆ. ಸಂತೆಯಲ್ಲಿ ತಕ್ಕಡಿ ತಪಾಸಣೆ ಮಾಡುವವನಿಗೂ ಕಾಯಿದೆ ಇದೆ. ಐ.ಬಿ.ಗೆ ಸಂಸತ್ತು ಮಾಡಿದ ಕಾಯಿದೆ ಇಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 8ನೆಯ ಬಾಬು ಎಂದು ಒಂದು ಸಾಲಿದೆ, ಅಷ್ಟೇ. 1949ರಲ್ಲಿ ಸಂವಿಧಾನ ಸಭೆಯಲ್ಲಿ ಈ ಬಾಬಿನ ಬಗ್ಗೆ ಸದಸ್ಯರೊಬ್ಬರು ಆತಂಕ ಎತ್ತಿದಾಗ ಬಾಬಾಸಾಹೇಬರು ಸಮಾಧಾನ ಹೇಳಿದರು. ಕೇಂದ್ರದ ಈ ಸಂಸ್ಥೆ ಮಾಹಿತಿ ಕೂಡಿಹಾಕುವುದಷ್ಟೇ, ಠಾಣೆಯ ಪೊಲೀಸರು ಮಾಡುವ ಅಪರಾಧ ತನಿಖೆಯನ್ನು ಅದು ಮಾಡಲಾಗದು ಎಂಬುದು ಅವರ ವಿವರಣೆಯ ಸಾರ. ಪಟ್ಟಿಯ ಬಾಬು ಎಂದರೆ ಆ ವಿಷಯದ ಮೇಲೆ ಕಾನೂನು ಮಾಡಲು ಸಂಸತ್ತಿಗೆ ಕೊಟ್ಟ ಅಧಿಕಾರ. ಬಾಬಾಸಾಹೇಬರು ಕಾನೂನು ಮಾಡುವ ಜಾಗ ಇಟ್ಟುಹೋದರು. ಏಳು ದಶಕ ದಾಟಿದರೂ ಆ ಜಾಗ ಖಾಲಿ. 2011ರಲ್ಲಿ ಸಂಸದ ಮನೀಶ್ ತಿವಾರಿ ತಂದ ಖಾಸಗಿ ಮಸೂದೆಯೂ ಕಾಯಿದೆಯಾಗಲಿಲ್ಲ. ಇತ್ತ 2005ರ ಮಾಹಿತಿ ಹಕ್ಕು ಕಾಯಿದೆಯ 24ನೆಯ ಕಲಮು ಮತ್ತು ಎರಡನೆಯ ಅನುಸೂಚಿ ಐ.ಬಿ.ಯನ್ನು ಹೊರಗಿಟ್ಟಿವೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಗೆ ಮಾತ್ರ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಅಂದರೆ, ಹುಟ್ಟಿಸುವ ಕಾನೂನಿಲ್ಲದ ಸಂಸ್ಥೆಗೆ ಬಚ್ಚಿಡುವ ಕಾನೂನು ಮಾತ್ರ ಇದೆ.

ಇದು ಬಡವರ ತಾಪತ್ರಯ ಮಾತ್ರ ಎಂದು ದೊಡ್ಡವರು ಸುಮ್ಮನಿರಬೇಕಾಗಿಲ್ಲ. 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಕುರ್ಚಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಹಗರಣದಲ್ಲಿ. 1996ರಲ್ಲಿ ಪಿ.ಯು.ಸಿ.ಎಲ್. ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು ಕೆಲವು ಕಟ್ಟಳೆ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಕಾರ್ಯದರ್ಶಿಗಳ ಸಮಿತಿ ಅದನ್ನು ಪರಿಶೀಲಿಸಬೇಕು. ಕೇಳುವವರು ಅಧಿಕಾರಿಗಳು, ಅಪ್ಪಣೆ ಕೊಡುವವರು ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳು. ನ್ಯಾಯಾಧೀಶರ ಕಣ್ಣಿಗೆ ಆ ಕಾಗದ ಬೀಳುವುದೇ ಇಲ್ಲ. ಮೂರು ಸಹಿ ಇದ್ದರೂ ಮೂರೂ ಒಂದೇ ಓಣಿಯವು.

6

ಹಾಗಾದರೆ ಪ್ರಭುತ್ವಕ್ಕೆ ಕಣ್ಣು-ಕಿವಿ ಬೇಡವೇ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಪ್ರಾಮಾಣಿಕತೆಯಲ್ಲ. ರೈಲಿನಲ್ಲಿ ಬಾಂಬಿಟ್ಟವರನ್ನು ಹಿಡಿಯಬೇಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಎರಡೂ ಕೊಲೆಯಲ್ಲಿ ಬಳಸಿದ್ದು ಒಂದೇ ಪಿಸ್ತೂಲು ಎಂದು ತಜ್ಞರ ಪರೀಕ್ಷೆ ಹೇಳಿತು. ಎರಡು ವರ್ಷ ಆ ಪಿಸ್ತೂಲು ನಾಡಿನಲ್ಲಿ ಓಡಾಡುತ್ತಿತ್ತು. ನಮ್ಮ ಸಭೆಗಳ ಹಾಜರಿಪಟ್ಟಿ ಬರೆಯುತ್ತಿದ್ದ ಲೇಖನಿಗಳಿಗೆ ಅದರ ಬಗ್ಗೆ ಏನೂ ‘ತಿಳಿದುಬಂದಿರಲಿಲ್ಲ’.

ಗೌರಿ ಕೊಲೆಯ ಕೇಸಿಗೆ ಕೋಕಾ ಹಚ್ಚಿದರು. ಕರ್ನಾಟಕದ ಆ 2000ನೆಯ ಇಸವಿಯ ಕಾಯಿದೆಯ 19ನೆಯ ಕಲಮಿನಲ್ಲಿ ಟಾಡಾದ ಅದೇ ಹಳೆಯ ತಂತ್ರವಿದೆ: ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷಿ. ಗೌರಿಯನ್ನು ಕಳೆದುಕೊಂಡ ನಮ್ಮಲ್ಲಿ ಹಲವರಿಗೆ ಅದು ಸರಿಯೆನ್ನಿಸಿರಬಹುದು. ಆ ನೋವು ಅರ್ಥವಾಗುತ್ತದೆ. ಆದರೆ ಕಲಬುರಗಿಯ ಆ ಹುಡುಗನನ್ನು ನೆನೆದವರು ಈ ಕಲಮನ್ನು ಒಪ್ಪಲಾಗದು. ವೈರಿಯ ಮೇಲೆ ಹಚ್ಚಿದಾಗ ಒಳ್ಳೆಯದು, ನಮ್ಮ ಮೇಲೆ ಹಚ್ಚಿದಾಗ ಕೆಟ್ಟದ್ದು ಎನ್ನುವುದು ಕಾನೂನಿನ ಮಾತಲ್ಲ, ಜಾತಿಯ ಮಾತು. ಗೌರಿಯ ಕೊಲೆಗಾರರಿಗೆ ಶಿಕ್ಷೆಯಾಗಬೇಕಾದದ್ದು ಪಿಸ್ತೂಲು, ಗುಂಡು, ಬೈಕು, ಓಡಾಟದ ಸಾಕ್ಷಿಯಿಂದ.

ಆಗ ಉಳಿಯುವ ದೊಡ್ಡ ಪ್ರಶ್ನೆ: ಭದ್ರತೆ ಯಾರದು? ‘ರಾಜ್ಯದ ಭದ್ರತೆ’ ಎಂಬ ಮಾತಿನಲ್ಲಿ ರಾಜ್ಯ ಎಂದರೆ ಕಟ್ಟಡವೋ, ಕುರ್ಚಿಯೋ, ಮನುಷ್ಯರೋ? 2000ದ ಮಾರ್ಚ್ 11ರಂದು ಕೋಲಾರ ಸೀಮೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಕೇರಿಗೆ ನುಗ್ಗಿ ಗುಡಿಸಲಿಗೆ ಬೆಂಕಿ ಹಚ್ಚಿದರು. ಅದರ ಹಿಂದೆ ಕ್ಷೌರದ ಅಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ಕೊಡದ ಜಗಳವಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟು ಬಹುತೇಕರಿಗೆ ಜಾಮೀನು ಕೊಟ್ಟಿತು. ಕ್ಷೌರದ ಅಂಗಡಿಯ ಬಾಗಿಲು ಗುಟ್ಟಿನ ಜಾಗವಲ್ಲ. ಯಾರಿಗೆ ಒಳಗೆ ಬಿಡುತ್ತಾರೆ, ಯಾರಿಗೆ ಬಿಡುವುದಿಲ್ಲ ಎಂದು ತಿಳಿಯಲು ಬೇಹುಗಾರ ಬೇಕಾಗಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಸರ್ಕಾರಕ್ಕೆ ಗೊತ್ತಾಗುವುದು ಬೆಂಕಿ ಹತ್ತಿದ ಮೇಲೆ.

ಇದು ಕಾನೂನಿನ ಕೊರತೆಯಿಂದ ಆದದ್ದಲ್ಲ. ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳನ್ನು ತೆಗೆದು ನೋಡಿ. 3ನೆಯ ನಿಯಮ ಹೇಳುತ್ತದೆ: ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಸರ್ಕಾರ ಮೊದಲೇ ಗುರುತಿಸಬೇಕು. ಜಿಲ್ಲಾಧಿಕಾರಿ, ಎಸ್.ಪಿ. ಅಲ್ಲಿಗೆ ಹೋಗಿ ನೋಡಬೇಕು. ಅಗತ್ಯ ಬಿದ್ದರೆ ಅಲ್ಲಿಯ ಸವರ್ಣೀಯರ ಬಂದೂಕಿನ ಲೈಸೆನ್ಸು ರದ್ದು ಮಾಡಬೇಕು. ಮೂರು ತಿಂಗಳಿಗೊಮ್ಮೆ ಪರಿಸ್ಥಿತಿ ಪರಿಶೀಲಿಸಬೇಕು. 8ನೆಯ ನಿಯಮ ರಾಜ್ಯ ಮಟ್ಟದ ರಕ್ಷಣಾ ಘಟಕಕ್ಕೆ ಕೊಟ್ಟ ಕೆಲಸಗಳಲ್ಲಿ ಒಂದು, ಪರಿಶಿಷ್ಟರಲ್ಲಿ ಭದ್ರತೆಯ ಭಾವನೆಯನ್ನು ಮರಳಿ ತುಂಬುವುದು. 17ನೆಯ ನಿಯಮದ ಪ್ರಕಾರ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಭದ್ರತೆ ಎಂಬ ಮಾತಿಗೆ ಈ ನಾಡಿನ ಕಾನೂನೇ ಕೊಟ್ಟ ಒಳ್ಳೆಯ ಅರ್ಥ ಇಲ್ಲಿದೆ. ಇದೂ ಮಾಹಿತಿ ಕೂಡಿಸುವ ಕೆಲಸವೇ. ಆದರೆ ಇಲ್ಲಿ ಕಣ್ಣು ಇಡಬೇಕಾದದ್ದು ಹೊಡೆಯುವವನ ಮೇಲೆ. ರೂಢಿಯಲ್ಲಿ ಕಣ್ಣು ಬೀಳುವುದು ಹೊಡೆಸಿಕೊಂಡವನು ಎಲ್ಲಿ ಸಭೆ ಸೇರಿದ ಎಂಬುದರ ಮೇಲೆ.

ಕಾಯಿದೆಯೇ ಇಲ್ಲದ ಬೇಹುಗಾರಿಕೆ ದಣಿವಿಲ್ಲದೆ ನಡೆಯುತ್ತದೆ. ಕಾಯಿದೆಯಲ್ಲಿ ಬರೆದ ಬೇಹುಗಾರಿಕೆಗೆ ಜನವಿಲ್ಲ, ಜೀಪಿಲ್ಲ, ಪುರಸೊತ್ತಿಲ್ಲ. ಇದು ಅಸಡ್ಡೆಯೆಂದು ಹೇಳಿ ಕೈತೊಳೆದುಕೊಳ್ಳಲು ಆಗದು. ಪ್ರಭುತ್ವ ಯಾರನ್ನು ಕಂಡು ಹೆದರುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಯಥಾಸ್ಥಿತಿ ಕದಡುವವನೇ ಅದಕ್ಕೆ ಅಪಾಯ. ಯಥಾಸ್ಥಿತಿಯ ಹೆಸರಲ್ಲಿ ಬೆಂಕಿ ಹಚ್ಚುವವನು ಊರ ಹಿರಿಯ.

7

ಗುಪ್ತ ವರದಿಗೆ ಎದುರಾಗಿ ನಿಲ್ಲುವ ಸಾಹಿತ್ಯ ಪ್ರಕಾರವೊಂದನ್ನು ನಮ್ಮ ಜನ ಆಗಲೇ ಕಟ್ಟಿದ್ದಾರೆ. ಗಡಿಯಾಚೆಯ ಲಾತೂರ ಸೀಮೆಯ ಲಕ್ಷ್ಮಣ ಗಾಯಕವಾಡ ತನ್ನ ಉಚಲ್ಯಾ ಸಮುದಾಯದ ಬದುಕನ್ನು ಮರಾಠಿಯಲ್ಲಿ ಬರೆದರು. ಅಪರಾಧಿ ಬುಡಕಟ್ಟೆಂದು ಬರೆಸಿಕೊಂಡ ಜನರಲ್ಲೊಬ್ಬರು ಲೇಖನಿ ಹಿಡಿದಾಗ ‘ನಾನು’ ಎಂಬುದರ ಅರ್ಥವೇ ಬದಲಾಯಿತು. ಬಾಯಿಯೂ ಅವರದೇ, ಕೈಯೂ ಅವರದೇ. 1988ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದದ್ದು 1994ರಲ್ಲಿ. ಗುಲ್ಬರ್ಗಾದ ಹುಡುಗನ ಬಾಯಿಂದ ಬೇರೆಯವರು ಕತೆ ಬರೆಸಿಕೊಂಡ ಅದೇ ವರ್ಷ ಒಬ್ಬ ದಲಿತ ತನ್ನ ಕತೆಯನ್ನು ತಾನೇ ಬರೆದರು. ದಲಿತ ಆತ್ಮಕಥೆಗಳಲ್ಲಿ ಕಲಾತ್ಮಕತೆ ಕಡಿಮೆ, ದಾಖಲೆ ಹೆಚ್ಚು ಎಂದು ಮೂಗು ಮುರಿಯುವ ವಿಮರ್ಶಕರಿಗೆ ಒಂದು ಮಾತು: ನಮ್ಮ ಬಗ್ಗೆ ಇನ್ನೂರು ವರ್ಷದಿಂದ ದಾಖಲೆ ಇಟ್ಟವರು ಬೇರೆಯವರು. ನಮ್ಮ ದಾಖಲೆಯನ್ನು ನಾವು ಇಡುವುದು ನಮಗೆ ಕಲೆಗಿಂತ ಮೊದಲ ಅಗತ್ಯ.

ಈ ಕೆಲಸ ಸಾಹಿತಿಗಳಿಗಷ್ಟೇ ಬಿಟ್ಟದ್ದಲ್ಲ. ಸಂಘಟನೆಯ ಗೆಳೆಯರು, ಹಳ್ಳಿಯ ಮೇಷ್ಟ್ರುಗಳು ಮಾಡಬಹುದಾದದ್ದು ಬಹಳಿದೆ. ಕಲಬುರಗಿ ಜಿಲ್ಲಾ ಜಾಗೃತಿ ಸಮಿತಿ ಎಷ್ಟು ಸಲ ಸೇರಿತು, ಏನು ನಡಾವಳಿ ಬರೆಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಆ ಸಮಿತಿ 24ನೆಯ ಕಲಮಿನ ಹಿಂದೆ ಅಡಗಿ ಕೂಡುವಂತಿಲ್ಲ. ಕಮಲಾಪುರ ತಾಲೂಕಿನಲ್ಲಿ ದೌರ್ಜನ್ಯಕ್ಕೆ ಈಡಾಗಬಹುದೆಂದು ಗುರುತಿಸಿದ ಹಳ್ಳಿಗಳು ಯಾವುವು, ಗುರುತಿಸದಿದ್ದರೆ ಯಾಕೆ ಎಂದು ಕೇಳಿ. ಯಾವ ಹೋಟೆಲಿನಲ್ಲಿ ಬೇರೆ ಲೋಟವಿದೆ, ಯಾವ ಅಂಗಡಿಯಲ್ಲಿ ಕ್ಷೌರ ಮಾಡುವುದಿಲ್ಲ, ಯಾವ ಗುಡಿಯ ಮೆಟ್ಟಿಲು ಹತ್ತಗೊಡುವುದಿಲ್ಲ ಎಂದು ನೀವೇ ವರದಿ ಬರೆಯಿರಿ. ತಾರೀಖು ಹಾಕಿ, ಕಂಡವರು ಸಹಿ ಮಾಡಿ, ತಹಶೀಲ್ದಾರರಿಗೂ ಎಸ್.ಪಿ.ಯವರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನಾಳೆ ಏನಾದರೂ ಆದರೆ ‘ನಮಗೆ ತಿಳಿದುಬಂದಿರಲಿಲ್ಲ’ ಎನ್ನಲು ಅವರಿಗೆ ಬಾಯಿ ಇರಬಾರದು. ಠಾಣೆಗೆ ಕರೆಸಿ ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿ. ಬರೆದದ್ದನ್ನು ಓದಿ ಹೇಳಿಸಿಕೊಳ್ಳಿ. ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಹಾಕಿದ ಕಟ್ಟಳೆಗಳನ್ನು, ಅಂದರೆ ಬಂಧಿಸುವವನು ಹೆಸರಿನ ಬಿಲ್ಲೆ ಧರಿಸಿರಬೇಕು, ಬಂಧನದ ಕಾಗದಕ್ಕೆ ಸಾಕ್ಷಿ ಬೇಕು, ಮನೆಯವರಿಗೆ ತಿಳಿಸಬೇಕು ಎಂಬುದನ್ನು, ಹೈಸ್ಕೂಲು ಹುಡುಗರಿಗೆ ಬಾಯಿಪಾಠ ಮಾಡಿಸಿ. ಆ ಕಟ್ಟಳೆಗಳ ತಿರುಳು ಪೊಲೀಸನಿಗೆ ಹೆಸರಿರಬೇಕು ಎಂಬುದೇ.

ದೊಡ್ಡ ಬೇಡಿಕೆಯನ್ನು ಸಂಸತ್ತಿನ ಮುಂದೆ ಇಡಬೇಕು. ಐ.ಬಿ.ಗೆ ಒಂದು ಕಾಯಿದೆ ಬೇಕು. ಅದು ಯಾರ ಮೇಲೆ, ಯಾವ ಕಾರಣಕ್ಕೆ, ಎಷ್ಟು ಕಾಲ ಕಣ್ಣಿಡಬಹುದು ಎಂದು ಬರೆದಿರಬೇಕು. ಫೋನು ಕೇಳಲು ನ್ಯಾಯಾಧೀಶರ ಅಪ್ಪಣೆ ಬೇಕು. ಸಂಸತ್ತಿನ ಸಮಿತಿಗೆ ಲೆಕ್ಕ ಕೊಡಬೇಕು. ಇಂತಿಷ್ಟು ವರ್ಷದ ಮೇಲೆ ಕಡತ ತೆರೆಯಬೇಕು, ಬರೆಸಿಕೊಂಡವನು ಓದಿ, ಸುಳ್ಳಿದ್ದರೆ ಸುಳ್ಳೆಂದು ಅದೇ ಹಾಳೆಯಲ್ಲಿ ಬರೆಯುವಂತಾಗಬೇಕು. ಜೈಲಿನಲ್ಲಿ ಬದುಕು ಕಳೆದವರಿಗೆ ಪರಿಹಾರ ಬೇಕು. ತಪ್ಪು ಬರೆದವನಿಗೆ ಶಿಕ್ಷೆ ಬೇಕು.

ಮುಂದಿನ ಜಯಂತಿಗೆ ಮಫ್ತಿಯವನು ಬಂದು ಹಿಂದೆ ನಿಂತರೆ ಅವನಿಗೊಂದು ಕುರ್ಚಿ ಹಾಕಿ, ಚಹಾ ಕೊಡಿ. ‘ಬರ್ಕೋರಿ ಅಣ್ಣಾ, ಪೂರಾ ಬರ್ಕೋರಿ. ಬೇರೆ ಲೋಟದ ಹೋಟೆಲ್ ಹೆಸರೂ ಹೇಳ್ತೀವಿ, ಅದನ್ನೂ ಬರ್ಕೋರಿ. ಕೆಳಗ ನಿಮ್ ಹೆಸರೂ ಹಾಕ್ರಿ’ ಎಂದು ಹೇಳಿ. ಅವನು ಬರೆದದ್ದನ್ನೂ ನೀವು ಬರೆದದ್ದನ್ನೂ ಜೋಡಿಸಿಟ್ಟು ಓದುವ ದಿನಕ್ಕಾಗಿ ನಮ್ಮ ಪ್ರತಿಯನ್ನು ಜೋಪಾನವಾಗಿ ಇಡೋಣ.